ಬೈಕಿಗೆ ಹೆಚ್ಚು ಬೆಳಕಿನ ಹೆಡ್‌ಲೈಟ್ ಬಲ್ಬ್: ಕೊಳ್ಳುವ ಮೊದಲು ವೋಲ್ಟೇಜ್ ಅಳೆಯಿರಿ

ಬೈಕಿನ ಹೆಡ್‌ಲೈಟ್ ಸಾಲದು ಎಂಬುದು ಊರೊಳಗಿನ ಬೀದಿದೀಪಗಳ ಕೆಳಗೆ ತಿಳಿಯುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗಲೋ, ಚಾರ್ಮಾಡಿಯ ತಿರುವುಗಳಲ್ಲಿ ಮಳೆ ಹಿಡಿದುಕೊಂಡಾಗಲೋ, ಗುಂಡಿ ಕಣ್ಣಿಗೆ ಬೀಳುವ ಹೊತ್ತಿಗೆ ಮುಂಚಕ್ರ ಅದರೊಳಗೆ ಇಳಿದಾಗಿರುತ್ತದೆ. ಅಂಥ ಒಂದು ರಾತ್ರಿಯ ಮರುದಿನ ಅಂಗಡಿಗೆ ಹೋದರೆ ಅಲ್ಲಿ ಸಿಗುವ ಉತ್ತರಗಳು ಎರಡು: ನೂರು ವ್ಯಾಟಿನ ಬಲ್ಬ್ ಹಾಕಿ, ಇಲ್ಲವೇ ಎಲ್‌ಇಡಿ ಹಾಕಿ. ಎರಡೂ ಸುಲಭವಾಗಿ ಮಾರಾಟವಾಗುವ ವಸ್ತುಗಳು. ಆದರೆ ಬೆಳಕು ಏಕೆ ಕಡಿಮೆಯಾಗಿದೆ ಎಂಬ ಪ್ರಶ್ನೆಯನ್ನು ಕೇಳುವವರು ಅಂಗಡಿಯಲ್ಲಿ ಅಪರೂಪ. ಹಲವು ಗಾಡಿಗಳಲ್ಲಿ ದೋಷ ಬಲ್ಬಿನದಾಗಿರದೆ, ಬ್ಯಾಟರಿಯಿಂದ ಬಲ್ಬಿನವರೆಗೆ ಬರುವ ತೆಳುವಾದ ತಂತಿ, ಸವೆದ ಸ್ವಿಚ್ ಮತ್ತು ತುಕ್ಕು ಹಿಡಿದ ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಜೋಡಣೆಯದಾಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬಲ್ಬಿನ ಖರೀದಿ ಮಧ್ಯದಲ್ಲಿ ಬರುತ್ತದೆ, ಮೊದಲಿಗಲ್ಲ.

ಬಲ್ಬಿನ ಬುಡವನ್ನು ಓದಿ

ಗಾಡಿಯಲ್ಲಿ ಈಗ ಯಾವ ಬಲ್ಬ್ ಇದೆ ಎಂಬುದನ್ನು ಅದರ ಲೋಹದ ಬುಡದ ಮೇಲಿನ ಅಚ್ಚಿನಿಂದ ತಿಳಿಯಬಹುದು. ರಾಯಲ್ ಎನ್‌ಫೀಲ್ಡ್ ಬುಲೆಟ್, ಕ್ಲಾಸಿಕ್ 350ರಂತಹ ಹ್ಯಾಲೊಜೆನ್ ಹೆಡ್‌ಲೈಟಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4; ಇದರಲ್ಲಿ ಹೈ ಬೀಮ್ 60 ವ್ಯಾಟ್, ಲೋ ಬೀಮ್ 55 ವ್ಯಾಟ್. 100ರಿಂದ 150 ಸಿಸಿಯ ಅನೇಕ ಗಾಡಿಗಳಲ್ಲಿ ಇರುವುದು ಎಚ್‌ಎಸ್1. ಅದರ ಎರಡೂ ಫಿಲಮೆಂಟುಗಳು (ಬಲ್ಬಿನೊಳಗೆ ಉರಿಯುವ ಎಳೆಗಳು) 35 ವ್ಯಾಟಿನವು. 13.2 ವೋಲ್ಟಿನಲ್ಲಿ ಪರೀಕ್ಷಿಸಿದಾಗ ಎಚ್4 ಹೈ ಬೀಮಿಗೆ ಸುಮಾರು 1650 ಲ್ಯೂಮೆನ್, ಲೋ ಬೀಮಿಗೆ ಸುಮಾರು 1000 ಲ್ಯೂಮೆನ್ ಬೆಳಕು ಕೊಡಬೇಕು. ಎಚ್‌ಎಸ್1 ಕೊಡುವುದು ಸುಮಾರು 825 ಮತ್ತು 525. ಅಂದರೆ ಎಚ್‌ಎಸ್1 ಗಾಡಿಯವರ ದೂರಿನಲ್ಲಿ ನಿಜಾಂಶ ಹೆಚ್ಚು.

ಎಚ್4 ಮತ್ತು ಎಚ್‌ಎಸ್1 ನೋಡಲು ಅಣ್ಣ ತಮ್ಮಂದಿರಂತಿದ್ದರೂ ಬುಡದ ಲೋಹದ ಬಳೆಯ ಕಿವಿಗಳಲ್ಲಿ ವ್ಯತ್ಯಾಸವಿದೆ, ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಕಿವಿಯನ್ನು ಅರದಿಂದ ಉಜ್ಜಿ ಕೂರಿಸಿಕೊಡುವ ಅಂಗಡಿಗಳಿವೆ. ಹಾಗೆ ಕೂರಿಸಿದ ಬಲ್ಬ್ ಕೂದಲೆಳೆಯಷ್ಟು ಓರೆಯಾದರೂ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. ಅದಲ್ಲದೆ 35 ವ್ಯಾಟಿಗೆಂದು ಮಾಡಿದ ತಂತಿ, ಹೋಲ್ಡರ್, ಪ್ಲಾಸ್ಟಿಕ್ ಡೂಮಿನ (ಬಲ್ಬ್ ಕೂರುವ ರಿಫ್ಲೆಕ್ಟರ್ ಮತ್ತು ಮುಂದಿನ ಗಾಜಿನ ಬಟ್ಟಲು) ಮೇಲೆ 60 ವ್ಯಾಟಿನ ಬಿಸಿ ಬೀಳುತ್ತದೆ. ಈ ಕೆಲಸವನ್ನು ಮಾಡಿಸಬೇಡಿ.

ಇನ್ನೊಂದು ಸಂಗತಿಯನ್ನು ಈಗಲೇ ಖಚಿತಪಡಿಸಿಕೊಳ್ಳಬೇಕು. ಆಕ್ಸಿಲರೇಟರ್ ತಿರುಗಿಸಿದಾಗ ಹೆಡ್‌ಲೈಟ್ ಎದ್ದು ಕಾಣುವಂತೆ ಹೆಚ್ಚಾಗಿ, ಬಿಟ್ಟಾಗ ಎಣ್ಣೆ ದೀಪದಂತೆ ಕುಗ್ಗಿದರೆ, ಆ ಗಾಡಿಯಲ್ಲಿ ಹೆಡ್‌ಲೈಟಿಗೆ ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಎಸಿ ವಿದ್ಯುತ್ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಹಳೆಯ 100 ಸಿಸಿ ಗಾಡಿಗಳಲ್ಲಿ ಇದು ಸಾಮಾನ್ಯ. ಅಂಥ ಗಾಡಿಯಲ್ಲಿ ಮುಂದೆ ಹೇಳುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್) ಹಾಗೆಯೇ ಹಾಕಿದರೆ ಕಟಕಟ ಎನ್ನುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ, ಮಾಮೂಲಿ ಎಲ್‌ಇಡಿ ಬಲ್ಬ್ ಮಿಣುಕುತ್ತದೆ. ಹೆಡ್‌ಲೈಟನ್ನು ಬ್ಯಾಟರಿಯ ಡಿಸಿಗೆ ಬದಲಾಯಿಸಲು ಕಾಯಿಲಿನ ಸಾಮರ್ಥ್ಯವನ್ನೂ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನೂ ನೋಡಬೇಕಾಗುತ್ತದೆ. ಅದು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಮುಂದಿನ ವಿವರಗಳು ಬ್ಯಾಟರಿಯಿಂದ ಹೆಡ್‌ಲೈಟ್ ಉರಿಯುವ ಗಾಡಿಗಳಿಗೆ, ಮುಖ್ಯವಾಗಿ ಎಚ್4 ಇರುವವುಗಳಿಗೆ ಅನ್ವಯಿಸುತ್ತವೆ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ 20 ವೋಲ್ಟಿನ ಅಳತೆಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗ ಆಕ್ಸಿಲರೇಟರನ್ನು ಸ್ವಲ್ಪ ಹಿಡಿದುಕೊಂಡು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. 13.8ರಿಂದ 14.5ರ ನಡುವೆ ಬಂದರೆ ಚಾರ್ಜಿಂಗ್ ಸರಿಯಾಗಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಬೇಕು. ಅದನ್ನು ಬದಲಾಯಿಸದೆ ಯಾವ ಬಲ್ಬ್ ಹಾಕಿದರೂ ಬಹಳ ದಿನ ಬಾಳುವುದಿಲ್ಲ. 13ಕ್ಕಿಂತ ಕೆಳಗೇ ನಿಂತರೆ ಬ್ಯಾಟರಿ ಅಥವಾ ಕಾಯಿಲನ್ನು ಮೊದಲು ನೋಡಿಸಿ.

ನಂತರ ಹೆಡ್‌ಲೈಟಿನ ರಿಮ್ ಹಿಡಿದಿರುವ ಸ್ಕ್ರೂ ಸಡಿಲಿಸಿ ಡೂಮನ್ನು ಹೊರಗೆ ತೆಗೆದು, ಬಲ್ಬಿನ ಹಿಂದಿನ ಹೋಲ್ಡರಿಗೆ ಬರುವ ತಂತಿಗಳ ಬಳಿ ಅಳೆಯಿರಿ. ಹೋಲ್ಡರನ್ನು ಬಲ್ಬಿನಿಂದ ಕಳಚದೆ, ಬಲ್ಬ್ ಉರಿಯುತ್ತಿರುವಂತೆಯೇ, ಮೀಟರಿನ ಕಡ್ಡಿಗಳನ್ನು ಹೋಲ್ಡರಿನ ಹಿಂಬದಿಯಿಂದ ಒಳಗೆ ತಾಗಿಸಬೇಕು. ಹೋಲ್ಡರ್ ಕಳಚಿ ಅಳೆದರೆ ತಂತಿಯಲ್ಲಿ ಕರೆಂಟ್ ಹರಿಯದ ಕಾರಣ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಎಲ್ಲವೂ ಸರಿಯಿದೆ ಎಂದು ನೀವು ಮೋಸಹೋಗುತ್ತೀರಿ. ಅನೇಕ ಮೆಕ್ಯಾನಿಕ್‌ಗಳು ಎಡವುವುದು ಇಲ್ಲಿಯೇ.

ಬ್ಯಾಟರಿಯ ಬಳಿ 14.0, ಬಲ್ಬಿನ ಬಳಿ 12.6 ಬಂದಿತು ಎಂದಿಟ್ಟುಕೊಳ್ಳಿ. ಕಳೆದುಹೋದದ್ದು ಶೇಕಡ 10 ವೋಲ್ಟೇಜ್ ಮಾತ್ರ; ಆದರೆ ಫಿಲಮೆಂಟಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಇಳಿಯುವುದರಿಂದ ಕಳೆದುಹೋದ ಬೆಳಕು ಶೇಕಡ 30ರಷ್ಟು. ನೂರು ರೂಪಾಯಿಯ ಸಾಮಾನಿಗೆ ಎಪ್ಪತ್ತು ರೂಪಾಯಿಯ ಮಾಲು ಸಿಕ್ಕಂತೆ. ಇದೇ ಸೋರುವ ತಂತಿಗೆ ಹೆಚ್ಚು ವ್ಯಾಟಿನ ಬಲ್ಬ್ ಹಾಕಿದರೆ ಹೆಚ್ಚು ಕರೆಂಟ್ ಹರಿದು ನಷ್ಟ ಇನ್ನೂ ಹೆಚ್ಚುತ್ತದೆ, ಕೊಟ್ಟ ಹಣದ ಒಂದು ಪಾಲು ತಂತಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ.

ನಷ್ಟ ಯಾವ ದಾರಿಯಲ್ಲಿದೆ ಎಂದು ಬೇರ್ಪಡಿಸಿ ನೋಡಬಹುದು. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತುದಿಗೂ ಕಪ್ಪು ಕಡ್ಡಿಯನ್ನು ಉರಿಯುತ್ತಿರುವ ಫಿಲಮೆಂಟಿನ ಪಿನ್ನಿಗೂ ತಾಗಿಸಿದರೆ ಪ್ಲಸ್ ದಾರಿಯ ನಷ್ಟ ನೇರವಾಗಿ ಕಾಣುತ್ತದೆ. ಬಲ್ಬಿನ ಅರ್ಥ್ ಪಿನ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಅಳೆದರೆ ಅರ್ಥ್ ದಾರಿಯದು ಕಾಣುತ್ತದೆ. ಎರಡೂ ಸೇರಿ ಅರ್ಧ ವೋಲ್ಟಿನೊಳಗೆ ಇದ್ದರೆ ತಂತಿಗಳ ತಂಟೆಗೆ ಹೋಗಬೇಕಿಲ್ಲ. ಅರ್ಥ್ ದಾರಿಯಲ್ಲೇ ನಷ್ಟ ಹೆಚ್ಚಿದ್ದರೆ, ಚಾಸಿಗೆ ಬೋಲ್ಟ್ ಹಾಕಿದ ಅರ್ಥ್ ತಂತಿಯ ಬಳೆಯನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಬಿಗಿಯಾಗಿ ಕೂರಿಸಿ. ಒಂದು ಪೈಸೆ ಖರ್ಚಿಲ್ಲದೆ ಬೆಳಕು ಮರಳಿದರೆ ಆಶ್ಚರ್ಯಪಡಬೇಡಿ.

ಡೂಮ್ ಹೊರಗೆ ಬಂದಿರುವಾಗಲೇ ಅದರ ಒಳಗೂ ಒಮ್ಮೆ ನೋಡಿ. ರಿಫ್ಲೆಕ್ಟರಿನ ಕನ್ನಡಿಯಂಥ ಲೇಪ ಮಬ್ಬಾಗಿ, ಅಲ್ಲಲ್ಲಿ ಸುಲಿದಿದ್ದರೆ ಬಲ್ಬ್ ಬದಲಾಯಿಸಿ ಪ್ರಯೋಜನವಿಲ್ಲ, ಡೂಮನ್ನೇ ಬದಲಾಯಿಸಬೇಕು. ಒಳಗಿನ ಲೇಪ ಬಹಳ ತೆಳು; ಬಟ್ಟೆಯಿಂದ ಒರೆಸಿದರೆ ಅದೂ ಹೋಗುತ್ತದೆ. ಹೊರಗಿನ ಪ್ಲಾಸ್ಟಿಕ್ ಗಾಜು ಹಳದಿಗಟ್ಟಿದ್ದರೆ ನುಣುಪಾದ ನೀರು ಕಾಗದದಿಂದ ಉಜ್ಜಿ ಪಾಲಿಶ್ ಮಾಡಿಸಬಹುದು.

ರಿಲೇ ಜೋಡಿಸುವ ಬಗೆ

ನಷ್ಟ ಪ್ಲಸ್ ದಾರಿಯಲ್ಲಿದ್ದರೆ ಮದ್ದು ರಿಲೇ. ಈಗ ಹೆಡ್‌ಲೈಟಿನ ಪೂರ್ತಿ ಕರೆಂಟ್ ಬ್ಯಾಟರಿಯಿಂದ ಹೊರಟು, ಇಗ್ನಿಷನ್ ಕೀ, ಹ್ಯಾಂಡಲ್ ಮೇಲಿನ ಸ್ವಿಚ್, ಡಿಪ್ಪರ್ ಸ್ವಿಚ್, ನಾಲ್ಕಾರು ಕಪ್ಲರ್‌ಗಳನ್ನು (ತಂತಿಗಳನ್ನು ಜೋಡಿಸುವ ಪ್ಲಗ್‌ಗಳು) ಸುತ್ತಿ ಬಲ್ಬಿಗೆ ಬರುತ್ತದೆ. ಇಷ್ಟು ಸುತ್ತುವ ಬದಲು, ಬ್ಯಾಟರಿಯಿಂದ ಬಲ್ಬಿಗೆ ದಪ್ಪ ತಂತಿಯ ನೇರ ದಾರಿ ಮಾಡಿ, ಆ ದಾರಿಯ ಬಾಗಿಲನ್ನು ತೆರೆಯುವ ಕೆಲಸವನ್ನಷ್ಟೇ ಹಳೆಯ ತಂತಿಗೆ ಬಿಡುವುದು ರಿಲೇಯ ಉಪಾಯ. ರಿಲೇಯ ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಸಣ್ಣ ಪಾಲು ಮಾತ್ರವಾದ್ದರಿಂದ ಹ್ಯಾಂಡಲ್ ಸ್ವಿಚ್ಚಿನ ಬಾಳಿಕೆಯೂ ಹೆಚ್ಚುತ್ತದೆ.

ಬೇಕಾದ ಸಾಮಾನುಗಳು: 12 ವೋಲ್ಟ್, 30 ಆಂಪಿಯರಿನ ಎರಡು ರಿಲೇಗಳು, ಅವುಗಳ ಸಾಕೆಟ್, ನೀರು ಹೋಗದ ಕವಚವಿರುವ ಒಂದು ಫ್ಯೂಸ್ ಹೋಲ್ಡರ್, 15 ಆಂಪಿಯರಿನ ಫ್ಯೂಸ್, ತಾಮ್ರದ ತಂತಿ ಮತ್ತು ಒಂದು ಸೆರಾಮಿಕ್ ಎಚ್4 ಹೋಲ್ಡರ್. 60/55 ವ್ಯಾಟಿಗೆ 1.5 ಚದರ ಮಿಲಿಮೀಟರ್ ತಂತಿ ಸಾಕಾಗುತ್ತದೆ, 2.5 ಹಾಕಿದರೆ ಇನ್ನೂ ನೆಮ್ಮದಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಜಿಲ್ಲಾ ಕೇಂದ್ರಗಳ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇವೆಲ್ಲ ಜೋಡಿಸಿದ ಸ್ಥಿತಿಯಲ್ಲೇ ‘ಹೆಡ್‌ಲೈಟ್ ರಿಲೇ ಕಿಟ್’ ಎಂದು ಸಿಗುತ್ತವೆ. ಆದರೆ ಅಗ್ಗದ ಕಿಟ್‌ಗಳಲ್ಲಿ ತಂತಿಯ ಮೇಲಿನ ಪ್ಲಾಸ್ಟಿಕ್ ದಪ್ಪ, ಒಳಗಿನ ತಾಮ್ರ ಬಡಕಲು. ತುದಿಯನ್ನು ಸ್ವಲ್ಪ ಸುಲಿದು ನೋಡಿಯೇ ಕೊಳ್ಳಿ.

ಮೊದಲ ಕೆಲಸವಾಗಿ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತುದಿಯನ್ನು ಬಿಚ್ಚಿಡಿ. ರಿಲೇಯ ಕಾಲುಗಳ ಪಕ್ಕದಲ್ಲಿ 30, 87, 85, 86 ಎಂಬ ಅಂಕಿಗಳು ಅಚ್ಚಾಗಿರುತ್ತವೆ. ಬ್ಯಾಟರಿಯ ಪ್ಲಸ್ ತುದಿಯಿಂದ ಬರುವ ದಪ್ಪ ತಂತಿ ಫ್ಯೂಸ್ ಹಾದು ಎರಡೂ ರಿಲೇಗಳ 30ಕ್ಕೆ ಸೇರಬೇಕು. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಫ್ಯೂಸಿಗಿಂತ ಹಿಂದಿನ ತಂತಿ ಎಲ್ಲಿಯಾದರೂ ಉಜ್ಜಿ ಚಾಸಿಗೆ ತಾಗಿದರೆ ಅದನ್ನು ಕಾಯುವವರು ಯಾರೂ ಇಲ್ಲ. ಒಂದು ರಿಲೇಯ 87ರಿಂದ ಹೊಸ ಹೋಲ್ಡರಿನ ಲೋ ಬೀಮ್ ಪಿನ್ನಿಗೆ, ಇನ್ನೊಂದರ 87ರಿಂದ ಹೈ ಬೀಮ್ ಪಿನ್ನಿಗೆ ತಂತಿ ಹೋಗುತ್ತದೆ. ಹಳೆಯ ಹೋಲ್ಡರಿಗೆ ಬರುತ್ತಿದ್ದ ಲೋ ಮತ್ತು ಹೈ ತಂತಿಗಳು ಆಯಾ ರಿಲೇಯ 86ಕ್ಕೆ ಬರುತ್ತವೆ. ಎರಡೂ 85ಗಳನ್ನು ಅರ್ಥ್‌ಗೆ ಸೇರಿಸಬೇಕು. ಬಲ್ಬಿನ ಅರ್ಥ್ ಪಿನ್ನಿಗೂ ಹೊಸ ದಪ್ಪ ತಂತಿಯನ್ನು ಬ್ಯಾಟರಿಯ ಮೈನಸ್‌ವರೆಗೆ ಎಳೆಯಿರಿ. ಇದನ್ನು ಬಿಟ್ಟು ಪ್ಲಸ್ ದಾರಿಯೊಂದನ್ನೇ ಸರಿಪಡಿಸಿದರೆ ಕೆಲಸ ಅರ್ಧ ಮಾತ್ರ ಆದಂತೆ.

ಹಳೆಯ ಹೋಲ್ಡರಿನ ತಂತಿಗಳಲ್ಲಿ ಯಾವುದು ಲೋ, ಯಾವುದು ಹೈ ಎಂಬುದನ್ನು ಬಣ್ಣ ನೋಡಿ ಊಹಿಸದೆ ಮೀಟರಿನಿಂದಲೇ ಕಂಡುಕೊಳ್ಳಿ. ಗಾಡಿಯಿಂದ ಗಾಡಿಗೆ ಬಣ್ಣ ಬದಲಾಗುತ್ತದೆ. ಹಳೆಯ ತಂತಿಗಳನ್ನು ಕತ್ತರಿಸುವ ಅಗತ್ಯವೇ ಇಲ್ಲ. ಕಿಟ್ಟಿನ ಗಂಡು ಕಪ್ಲರನ್ನು ಹಳೆಯ ಹೋಲ್ಡರಿಗೆ ಚುಚ್ಚಿದರೆ ಸಾಕು, ನಾಳೆ ಬೇಡವೆನಿಸಿದರೆ ಗಾಡಿಯನ್ನು ಕಂಪನಿ ಸ್ಥಿತಿಗೆ ಮರಳಿಸಬಹುದು. ವಾರಂಟಿಯ ಅವಧಿಯಲ್ಲಿರುವ ಗಾಡಿಯ ವೈರಿಂಗ್ ಕತ್ತರಿಸಿದರೆ ಮುಂದೆ ಎಲೆಕ್ಟ್ರಿಕಲ್ ದೂರುಗಳಿಗೆ ವಾರಂಟಿ ಸಿಗದೆ ಹೋಗಬಹುದು ಎಂಬುದನ್ನೂ ನೆನಪಿಡಿ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಉರಿಯಬೇಕೆಂಬ ನಿಯಮ ಬಂದಿದೆ. ರಿಲೇಗೆ ಆಜ್ಞೆ ಕೊಡುವುದು ಹಳೆಯ ತಂತಿಯೇ ಆದ್ದರಿಂದ ಆ ವ್ಯವಸ್ಥೆಗೆ ತೊಂದರೆಯಾಗುವುದಿಲ್ಲ.

ರಿಲೇಗಳನ್ನು ಸೀಟಿನ ಅಥವಾ ಟ್ಯಾಂಕಿನ ಕೆಳಗೆ, ಕಾಲುಗಳು ಕೆಳಮುಖವಾಗಿರುವಂತೆ ಕಟ್ಟಿ, ಮಳೆನೀರು ಇಳಿದುಹೋಗುತ್ತದೆ. ತಂತಿ ಹ್ಯಾಂಡಲ್ ಬಳಿ ಬರುವಲ್ಲಿ ಸ್ವಲ್ಪ ಸಡಿಲ ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಎಲ್ಲಿಯೂ ಎಳೆಯುತ್ತಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಎಂದು ನೋಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಬ್ಯಾಟರಿ ಜೋಡಿಸಿ ಮತ್ತೊಮ್ಮೆ ಮೀಟರ್ ಹಿಡಿಯಿರಿ.

ಈಗ ಬಲ್ಬ್

ಇಷ್ಟಾದ ಮೇಲೆ ಹಳೆಯ 60/55 ಬಲ್ಬನ್ನೇ ಹಾಕಿ ಒಂದು ರಾತ್ರಿ ಓಡಿಸಿ ನೋಡಬೇಕೆಂಬುದು ನನ್ನ ಸಲಹೆ. ಅನೇಕರಿಗೆ ಅಲ್ಲಿಗೇ ತೃಪ್ತಿಯಾಗುತ್ತದೆ. ಆಗದವರಿಗೆ ಮೂರು ದಾರಿಗಳಿವೆ.

ಮೊದಲನೆಯದು, ವ್ಯಾಟ್ ಅಷ್ಟೇ ಇದ್ದು ಫಿಲಮೆಂಟ್ ಮತ್ತು ಅನಿಲವನ್ನು ಉತ್ತಮಪಡಿಸಿದ ಬಲ್ಬ್‌ಗಳು. ಫಿಲಿಪ್ಸ್, ಓಸ್ರಾಮ್ ಮುಂತಾದವರು ಇಂಥವನ್ನು ಮಾರುತ್ತಾರೆ. ಡಬ್ಬದ ಮೇಲಿನ ‘ಶೇಕಡ ನೂರು ಹೆಚ್ಚು ಬೆಳಕು’ ಎಂಬ ಮಾತು ರಸ್ತೆಯ ಕೆಲವು ನಿರ್ದಿಷ್ಟ ಬಿಂದುಗಳಿಗೆ ಸಂಬಂಧಿಸಿದ್ದೇ ಹೊರತು ಒಟ್ಟು ಬೆಳಕು ಇಮ್ಮಡಿಯಾಗುವುದಿಲ್ಲ; ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಫಿಲಮೆಂಟ್ ಹೆಚ್ಚು ಬಿಸಿಯಾಗಿ ಉರಿಯುವುದರಿಂದ ಆಯುಷ್ಯ ಕಡಿಮೆ. ನೆಮ್ಮದಿ ಬೇಕಾದವರು ಇದನ್ನೇ ಆರಿಸಿಕೊಳ್ಳಲಿ. ನೀಲಿ ಬಣ್ಣ ಬಳಿದ ಬಲ್ಬ್‌ಗಳನ್ನು ಮಾತ್ರ ದೂರವಿಡಿ: ಆ ನೀಲಿ ಲೇಪ ಬೆಳಕಿನ ಒಂದು ಪಾಲನ್ನು ನುಂಗಿ, ಉಳಿದದ್ದನ್ನು ಬೆಳ್ಳಗೆ ತೋರಿಸುತ್ತದೆ ಅಷ್ಟೇ.

ಎರಡನೆಯದು 100/90 ವ್ಯಾಟಿನ ಎಚ್4. ಹೈ ಬೀಮಿನಲ್ಲಿ ಐದು ಆಂಪಿಯರ್ ಎಳೆಯುವ ಜಾಗದಲ್ಲಿ ಇದು ಎಂಟಕ್ಕೂ ಹೆಚ್ಚು ಎಳೆಯುತ್ತದೆ. ರಿಲೇ, 2.5 ಚದರ ಮಿಲಿಮೀಟರ್ ತಂತಿ, 20 ಆಂಪಿಯರ್ ಫ್ಯೂಸ್ ಮತ್ತು ಸೆರಾಮಿಕ್ ಹೋಲ್ಡರ್ ಇಲ್ಲದೆ ಇದನ್ನು ಹಾಕಿದರೆ ಕಂಪನಿ ಹೋಲ್ಡರ್ ಕರಗುವುದು ಬಹುತೇಕ ಖಚಿತ. ಪ್ಲಾಸ್ಟಿಕ್ ಡೂಮ್ ಆದರೆ ರಿಫ್ಲೆಕ್ಟರ್ ಸುಟ್ಟು ಮಬ್ಬಾಗುತ್ತದೆ. ಪೇಟೆಯ ನಿಧಾನ ಓಟದಲ್ಲಿ ಬ್ಯಾಟರಿಗೆ ಚಾರ್ಜ್ ಸಾಲದೆ ಬೆಳಿಗ್ಗೆ ಸೆಲ್ಫ್ ಎತ್ತದಿರಬಹುದು. ಸಾರ್ವಜನಿಕ ರಸ್ತೆಗೆ ಇದಕ್ಕೆ ಅನುಮತಿ ಇಲ್ಲವೆಂಬುದು ಬೇರೆ. ನಾನು ಶಿಫಾರಸು ಮಾಡುವುದಿಲ್ಲ.

ಮೂರನೆಯದಾದ ಎಲ್‌ಇಡಿಯ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎಚ್4ರ ಒಳಗೆ ಎರಡು ಫಿಲಮೆಂಟುಗಳಿವೆ. ಹೈ ಬೀಮಿನದು ರಿಫ್ಲೆಕ್ಟರಿನ ನಾಭಿಯ (ಫೋಕಸ್ ಬಿಂದು) ಬಳಿ, ಲೋ ಬೀಮಿನದು ಅದರ ಮುಂದೆ ಇರುತ್ತದೆ. ಲೋ ಬೀಮಿನ ಕೆಳಗೆ ಪುಟ್ಟ ದೋಣಿಯಂಥ ಲೋಹದ ಮರೆಯಿದ್ದು, ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಹೊಡೆಯದಿರುವುದು ಈ ದೋಣಿಯ ಉಪಕಾರ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಒಂದು ಹಲಗೆಯ ಎರಡು ಬದಿಯಲ್ಲಿ ಅಂಟಿಸಿದ ಚಿಪ್ಪುಗಳಿಂದ (ಬೆಳಕು ಕೊಡುವ ಪುಟ್ಟ ಎಲ್‌ಇಡಿ ಚಿಪ್‌ಗಳು). ಹಲಗೆ ಒಂದೆರಡು ಮಿಲಿಮೀಟರ್ ದಪ್ಪವಾದರೂ, ಚಿಪ್ಪಿನ ಜಾಗ ಫಿಲಮೆಂಟಿನ ಜಾಗಕ್ಕಿಂತ ಸ್ವಲ್ಪ ಹಿಂದೆ ಮುಂದಾದರೂ ನಾಭಿ ತಪ್ಪುತ್ತದೆ. ಆಗ ಬೆಳಕು ಹೆಚ್ಚಾದಂತೆ ತೋರುವುದು ಗಾಡಿಯ ಮುಂದಿನ ಹತ್ತು ಮೀಟರಿನಲ್ಲಿ ಮತ್ತು ಎದುರಿನವರ ಕಣ್ಣಿನಲ್ಲಿ. ದೂರದ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ. ಹತ್ತಿರದ ಬೆಳ್ಳನೆಯ ಹೊಳಪಿಗೆ ಕಣ್ಣಿನ ಪಾಪೆ ಕುಗ್ಗುವುದರಿಂದ ದೂರದ್ದು ಇನ್ನಷ್ಟು ಕಾಣದಾಗುತ್ತದೆ.

ಆದರೂ ಹಾಕುವುದಾದರೆ, ಚಿಪ್ಪುಗಳ ಗಾತ್ರ ಫಿಲಮೆಂಟಿನಷ್ಟೇ ಚಿಕ್ಕದಾಗಿರುವ, ಹಲಗೆ ತೆಳುವಾಗಿರುವ, ಲೋ ಬೀಮಿಗೆ ಲೋಹದ ಮರೆಯಿರುವ, ಬಳೆಯನ್ನು ತಿರುಗಿಸಿ ಹೊಂದಿಸಬಹುದಾದ ಬಲ್ಬನ್ನೇ ಆರಿಸಿ, ಚಿಪ್ಪುಗಳು ಎಡ ಬಲಕ್ಕೆ ಮುಖಮಾಡುವಂತೆ ಕೂರಿಸಿ. ಎಲ್‌ಇಡಿಯ ಬಿಸಿ ಹಿಂಬದಿಯ ಫ್ಯಾನ್ ಅಥವಾ ಲೋಹದ ರೆಕ್ಕೆಗಳಿಂದ ಹೊರಹೋಗಬೇಕು; ಮುಚ್ಚಿದ ಹೆಡ್‌ಲೈಟ್ ಬುರುಡೆಯೊಳಗೆ ಗಾಳಿಯಿಲ್ಲದೆ ಅದು ಕಾಯುತ್ತದೆ. ರಬ್ಬರ್ ಕವರ್ ಸರಿಯಾಗಿ ಕೂರದಿದ್ದರೆ ಮಳೆಗಾಲದಲ್ಲಿ ಡೂಮಿನೊಳಗೆ ನೀರಿನ ಆವಿ ಕಟ್ಟುತ್ತದೆ. ಮಂಜು ಮತ್ತು ಮಳೆಯಲ್ಲಿ 6000 ಕೆಲ್ವಿನ್ನಿನ ನೀಲಿ ಬಿಳುಪು ಬೆಳಕು ಕಣ್ಣಿಗೆ ಬೆಳ್ಳನೆಯ ಪರದೆ ಎಳೆದಂತೆ ಕಾಣುತ್ತದೆ. ಮಲೆನಾಡಿನ ಸವಾರರು ಹ್ಯಾಲೊಜೆನ್ನಿನ ಹಳದಿಯನ್ನು ಬಿಡದಿರುವುದು ಲೇಸು.

ಬಲ್ಬ್ ಕೂರಿಸುವಾಗ ಹ್ಯಾಲೊಜೆನ್ನಿನ ಗಾಜಿಗೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಉಳಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ತಾಗಿಬಿಟ್ಟರೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಬಳೆಯ ಮೂರು ಕಿವಿಗಳು ತಮ್ಮ ಕಚ್ಚುಗಳಲ್ಲಿ ಕೂತು, ತಂತಿಯ ಕ್ಲಿಪ್ ಬಿಗಿದ ಮೇಲೆ ಬಲ್ಬ್ ಅಲ್ಲಾಡಬಾರದು.

ಗೋಡೆಯ ಮುಂದೆ ನಿಲ್ಲಿಸಿ ಹೊಂದಿಸುವುದು

ಬಲ್ಬ್ ಬದಲಾಯಿಸಿದವರಲ್ಲಿ ಬಹಳ ಮಂದಿ ಬಿಡುವ ಕೆಲಸ ಇದು. ಆದರೆ ಉಳಿದ ಎಲ್ಲದರ ಫಲ ನಿಂತಿರುವುದು ಇದರ ಮೇಲೆ. ಸಮತಟ್ಟಾದ ನೆಲದಲ್ಲಿ, ಟೈರುಗಳಲ್ಲಿ ಸರಿಯಾದ ಗಾಳಿಯಿಟ್ಟು, ಗೋಡೆಯಿಂದ ಐದು ಮೀಟರ್ ದೂರದಲ್ಲಿ ಗಾಡಿಯನ್ನು ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಹಾಕಬಾರದು, ನೀವೇ ಸೀಟಿನ ಮೇಲೆ ಕೂತು ಗಾಡಿಯನ್ನು ನೆಟ್ಟಗೆ ಹಿಡಿಯಬೇಕು. ಬಲ್ಬಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು, ಅದರಿಂದ ಐದು ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಲೋ ಬೀಮಿನ ಮೇಲಂಚು ಈ ಕೆಳಗಿನ ಗೆರೆಗೆ, ಹೆಚ್ಚೆಂದರೆ ಅದಕ್ಕೂ ಎರಡೂವರೆ ಸೆಂಟಿಮೀಟರ್ ಕೆಳಗೆ, ಬರುವಂತೆ ಹೆಡ್‌ಲೈಟಿನ ಸ್ಕ್ರೂ ತಿರುಗಿಸಿ.

ಐದು ಸೆಂಟಿಮೀಟರಿಗೆ ಏಕಿಷ್ಟು ಪಟ್ಟು ಎಂದರೆ, ಲೆಕ್ಕ ಹೀಗಿದೆ: ಐದು ಮೀಟರಿಗೆ ಐದು ಸೆಂಟಿಮೀಟರ್ ಇಳಿಯುವ ಬೆಳಕು, 90 ಸೆಂಟಿಮೀಟರ್ ಎತ್ತರದ ಹೆಡ್‌ಲೈಟಿನಿಂದ ಹೊರಟು ನೆಲ ಮುಟ್ಟುವುದು 90 ಮೀಟರ್ ದೂರದಲ್ಲಿ. 15 ಸೆಂಟಿಮೀಟರ್ ಇಳಿದರೆ 30 ಮೀಟರಿಗೇ ಮುಗಿಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಾಯಿಯೋ ದನವೋ ಕಂಡು ಕೈ ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ ಗಾಡಿ 25 ಮೀಟರ್ ಸಾಗಿರುತ್ತದೆ. ಅದೇ ಬೆಳಕು ಗೆರೆಗಿಂತ ಮೇಲೆ ಹೋದರೆ ಎದುರಿನಿಂದ ಬರುವವನಿಗೆ ರಸ್ತೆಯೇ ಕಾಣುವುದಿಲ್ಲ, ಅವನು ಬರುವುದು ನಿಮ್ಮ ಕಡೆಗೇ. ಹಿಂದೆ ಸವಾರರು ಅಥವಾ ಭಾರವಾದ ಚೀಲಗಳಿದ್ದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಬೆಳಕು ಮೇಲೇಳುತ್ತದೆ. ದೂರದ ಪ್ರಯಾಣಕ್ಕೆ ಹೊರಡುವ ದಿನ ಭಾರ ಹೇರಿದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಬೇಕು.

ಕಾನೂನು ಕೂಡ ಇದನ್ನೇ ಕೇಳುತ್ತದೆ. ಮುಂದಿನ ದೀಪದ ಬೆಳಕು ಸದಾ ಕೆಳಮುಖವಾಗಿದ್ದು, ಇಲ್ಲವೇ ಸವಾರ ಬೇಕೆಂದಾಗ ಕೆಳಗಿಳಿಸುವಂತಿದ್ದು, ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಸಾರ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿ ಪ್ರಕರಣಗಳನ್ನು ದಾಖಲಿಸಿದ್ದರು.

ಮೊದಲ ರಾತ್ರಿ ಅರ್ಧ ಗಂಟೆ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ, ಫ್ಯೂಸ್ ಹೋಲ್ಡರನ್ನೂ ರಿಲೇಗಳ ಕಾಲಿನ ಬಳಿಯ ತಂತಿಗಳನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಅಲ್ಲಿ ಯಾವುದೋ ತುದಿ ಸಡಿಲವಿದೆ, ಬಿಚ್ಚಿ ಮತ್ತೆ ಬಿಗಿಯಾಗಿ ಒತ್ತಿಸಬೇಕು. ಒಂದು ಹೆಚ್ಚುವರಿ ಫ್ಯೂಸನ್ನೂ ಹಳೆಯ ಬಲ್ಬನ್ನೂ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.